ಚಹಾ ಇಡುವ ಹಲಗೆ

ಇಳಕಲ್ಲಿನಲ್ಲಿ ಜಾಫರಸಾಬರ ಮನೆ ಎಲ್ಲಿ ಎಂದು ಕೇಳಿ ನೋಡಿ, ಯಾರಿಗೂ ಗೊತ್ತಿರುವುದಿಲ್ಲ. ಕಿವುಡ ಬಡಿಗ್ಯಾನ ಮನೆ ಎನ್ನಿ, ಓಣಿಯ ನಾಲ್ಕು ಜನ ಒಟ್ಟಿಗೇ ಕೈ ತೋರಿಸುತ್ತಾರೆ. ಅವರು ಕೈಮಗ್ಗಕ್ಕೆ ಲಾಳಿ ಮಾಡುವವರು. ಮಗ್ಗಕ್ಕೆ ಉದ್ದಕ್ಕೂ ಬಿಗಿದ ಹಾಸಿನ ಎಳೆಗಳ ನಡುವೆ ನೂಲು ಹೊತ್ತುಕೊಂಡು ಆ ಕಡೆಯಿಂದ ಈ ಕಡೆಗೆ ಓಡುವ ಗೇಣುದ್ದದ ಕಟ್ಟಿಗೆ ಇದೆಯಲ್ಲ, ಅದೇ ಲಾಳಿ. ಇಪ್ಪತ್ತನೆಯ ವಯಸ್ಸಿನಲ್ಲಿ ಅವರಿಗೆ ಜ್ವರ ಬಂದು ಎರಡೂ ಕಿವಿ ಸೋರಿ, ಒಳಗಿನ ತಮಟೆ ಹರಿದುಹೋಯಿತು. ಈಗ ಅರವತ್ತೆಂಟು. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಬೆನ್ನ ಹಿಂದೆ ಪಟಾಕಿ ಹೊಡೆದರೂ ತಿರುಗುವುದಿಲ್ಲ.

ಅವರ ಹೆಂಡತಿ ಅಮೀನಬಿ ಎಂದೂ ಕೂಗುವುದಿಲ್ಲ. ಮಂಚದ ಕಾಲಿಗೆ ಬಳೆಯಿಂದ ಎರಡು ಸಲ ಕುಟ್ಟಿದರೆ ಚಹಾ ಆಗಿದೆ ಎಂದರ್ಥ. ಮೂರು ಸಲವಾದರೆ ಯಾರೋ ಬಂದಿದ್ದಾರೆ. ಮಂಚದ ಮೇಲೆ ಮಲಗಿದ ಜಾಫರಸಾಬರು ಥಟ್ಟನೆ ಏಳುತ್ತಾರೆ.

ನಾನು ಪ್ರಿಯದರ್ಶಿನಿ. ಬಸ್ ನಿಲ್ದಾಣದ ಹತ್ತಿರ ಆಧಾರ್ ತಿದ್ದುವ, ಅರ್ಜಿ ತುಂಬುವ, ಆನ್‌ಲೈನ್ ಸಾಮಾನು ತರಿಸಿಕೊಡುವ ಸಣ್ಣ ಅಂಗಡಿ ನನ್ನದು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಮುಚ್ಚಿಡುವುದೇನು? ನನ್ನ ಅವ್ವ ರತ್ನಾಬಾಯಿ ನಲವತ್ತು ವರ್ಷದಿಂದ ಸೀರೆ ನೇಯುತ್ತಾಳೆ. ಹೋದ ವರ್ಷ ಅವಳ ಬಲಗೈಗೆ ಲಕ್ವಾ ಹೊಡೆಯಿತು. ಬಾಗಲಕೋಟೆಯ ವಿದ್ಯಾಗಿರಿಯ ಡಾಕ್ಟರು, “ಕೈಯನ್ನು ಸುಮ್ಮನೆ ಕೂರಿಸಬೇಡಿ. ಕೂತರೆ ಕೂತೇಬಿಡುತ್ತದೆ,” ಎಂದಿದ್ದರು. ಅವ್ವ ಹಲ್ಲು ಕಚ್ಚಿ, ಮಗ್ಗದ ಕೆಳಗೆ ಕಾಲು ಇಳಿಬಿಡುವ ಕುಣಿಗೆ ಇಳಿದಳು. ಲಾಳಿ ಓಡಿಸುವ ಹಗ್ಗವನ್ನು ಆ ಸೋತ ಕೈಯಿಂದಲೇ ಎಳೆಯುತ್ತ ಅರ್ಧ ಸೀರೆ ನೇಯ್ದಳು. ಆಮೇಲೆ ಲಾಳಿ ಸೀಳಿತು.

ಅದು ಜಾಫರಕಾಕಾನ ತಂದೆ ಮಾಡಿದ ಲಾಳಿ. ಭಾರದ್ದು, ಒಂದು ಸಲ ಹೊರಟರೆ ತಾನೇ ಆಚೆ ದಂಡೆ ಮುಟ್ಟುತ್ತಿತ್ತು. ಪೇಟೆಯಿಂದ ತಂದ ಹಗುರ ಲಾಳಿಗಳು ಜೋರು ಎಳೆತ ಬೇಡುತ್ತಿದ್ದವು. ಅವ್ವನ ಕೈಗೆ ಅವು ನಡುದಾರಿಯಲ್ಲೇ ನಿಂತು ಎಳೆ ಹರಿಯುತ್ತಿದ್ದವು. ಅವಳು ಮಗ್ಗ ಬಿಟ್ಟೆದ್ದಳು. ಹದಿನೈದು ದಿನಕ್ಕೆ ಬಲಗೈಯ ಬೆರಳು ಮತ್ತೆ ಒಳಕ್ಕೆ ಮಡಚತೊಡಗಿದವು. ಗಂಜಿ ಹಾಕಿದ ಹಾಸು ಬಿಟ್ಟಲ್ಲೇ ಬಿಟ್ಟರೆ ಕಡಕಾಗಿ ಕೆಡುತ್ತದೆ ಬೇರೆ.

“ಮುಂದಿನ ಹುಣ್ಣಿಮಿ ತನಕ ನೋಡ್ತೇನಿ,” ಎಂದಳು ಅವ್ವ. “ಆಮ್ಯಾಲೆ ಹಾಸಿನ ಎಳಿಗೆ ಕತ್ತರಿ ಹಾಕಿ, ಮಗ್ಗ ಬಿಚ್ಚಿ ಒಗಿರಿ.”

ಅರ್ಧ ನೇಯ್ದ ಸೀರೆಗೆ ಕತ್ತರಿ ಹಾಕುವ ಮಾತು ನಮ್ಮ ಮನೆಯಲ್ಲಿ ಯಾರ ಬಾಯಿಂದಲೂ ಬಂದದ್ದಿಲ್ಲ. ನಾನು ಕಾಕಾನ ಮನೆಗೆ ಓಡಿದೆ.

“ಲಾಳಿ ಮಾಡಾಕ ಕೈ ಅದಾವ, ಕಟ್ಟಿಗಿ ಇಲ್ಲ ತಂಗಿ,” ಎಂದರು ಕಾಕಾ. ಮೊದಲು ಅವರು ಹಳೇ ಬಾಗಲಕೋಟೆಯ ಒಂದು ಕಟ್ಟಿಗೆ ಅಡ್ಡೆಯಿಂದ ಆರಿಸಿ ತರುತ್ತಿದ್ದರು. ಅಣೆಕಟ್ಟಿನ ಹಿನ್ನೀರು ಬಂದು ಆ ಪೇಟೆ ಮುಳುಗಿದ ಮೇಲೆ ಅಡ್ಡೆಯವನೂ ಎಲ್ಲಿ ಹೋದನೋ. ಕೂಡಿಟ್ಟ ತುಂಡುಗಳನ್ನೇ ಇಷ್ಟು ವರ್ಷ ತೇಯ್ದರು, ಈಗ ಅವೂ ಮುಗಿದಿದ್ದವು.

“ಅಷ್ಟ ಹೌದಲ್ಲೋ? ಟಪಾಲಿನ್ಯಾಗ ತರಿಸ್ತೇನಿ,” ಎಂದೆ.

ದಾಂಡೇಲಿ ಕಡೆಯ ಚೇತನಕುಮಾರ ಎಂಬಾತ ಗಟ್ಟಿ ಕಟ್ಟಿಗೆಯ ತುಂಡುಗಳನ್ನು ಫೋಟೋ ಹಾಕಿ ಮಾರುತ್ತಿದ್ದ. ದುಡ್ಡು ಕಳಿಸಿದರೆ ಪಾರ್ಸಲ್ ಬರುತ್ತಿತ್ತು. ಕಾಕಾ ಫೋಟೋ ನೋಡಿ ಮುಖ ಸಿಂಡರಿಸಿದರು. “ಫೋಟೋ ನೋಡಿ ಸೊಸಿ ತಂದಂಗ ಆತು. ದನಿ ಕೇಳಬೇಕು ಬೇ.”

ನನಗೆ ನಗು ಬಂತು, ಸಿಟ್ಟೂ ಬಂತು. ಕಾಕಾನ ಪದ್ಧತಿ ಊರಿಗೇ ಗೊತ್ತು. ಒಂದಡಿಯ ಕಟ್ಟಿಗೆಯ ಅಳತೆಪಟ್ಟಿ ಅವರ ಕಿಸೆಯಲ್ಲಿ ಸದಾ ಇರುತ್ತದೆ. ಅದರ ಒಂದು ತುದಿಯನ್ನು ಹಲಗೆಗೆ ಒತ್ತಿ, ಇನ್ನೊಂದು ತುದಿ ಹಲ್ಲಲ್ಲಿ ಕಚ್ಚಿ, ಕೊಡತಿಯಿಂದ ಹಲಗೆಯನ್ನು ಬಡಿಯುತ್ತಾರೆ. ಹಾಗೆ ಕಟ್ಟಿಗೆಯ ಹೊಟ್ಟೆಯೊಳಗಿನದು ಕೇಳುತ್ತದಂತೆ. ಗುಡುಗು ಕೇಳದವರಿಗೆ ಹಲಗೆ ಕೇಳುತ್ತದೆಯೇ? ಎಲ್ಲ ನಾಟಕ ಎಂದೇ ನಾನು ಓಣಿಯಲ್ಲಿ ಆಡಿಕೊಳ್ಳುತ್ತಿದ್ದೆ. ಅವರನ್ನು ಕೇಳದೆ ಅಂದೇ ಸಂಜೆ ಆರ್ಡರ್ ಮಾಡಿದೆ.

ಮತ್ತೆ ಹೇಗೆ ಆರಿಸಿದೆ? ಸೀರೆ ಆರಿಸಿದ ಹಾಗೆ! ನೇಕಾರರ ಮಗಳು ತಾನೇ, ಬಣ್ಣ ನೋಡಿದೆ, ದಡಿ ನೋಡಿದೆ. ಕಂದು ಮೈಯ ಮೇಲೆ ಕರಿ ಗೆರೆಗಳು ಅಲೆಅಲೆಯಾಗಿ ಹರಿದ ಶೀಸಂ ತುಂಡೊಂದಿತ್ತು, ಥೇಟ್ ಇಳಕಲ್ ಸೀರೆಯ ಅಂಚಿನ ಗೋಮಿ ದಡಿಯ ಹಾಗೆ. ಅದನ್ನೇ ತರಿಸಿದೆ. ಆರನೆಯ ದಿನ ಪೋಸ್ಟ್‌ಮನ್ ತಂದುಕೊಟ್ಟಾಗ ಓಣಿಯ ಹೆಂಗಸರೆಲ್ಲ ಸೆರಗು ಮುಟ್ಟಿದಂತೆ ಮುಟ್ಟಿ ಮುಟ್ಟಿ ನೋಡಿದರು. ಅವ್ವ ಅರಿಶಿನ ಕುಂಕುಮ ಹಚ್ಚಿದಳು.

ಕಾಕಾ ಬಂದರು, ಪಟ್ಟಿ ಕಚ್ಚಿದರು, ಎರಡೇ ಸಲ ಬಡಿದರು.

“ಚಂದ ಐತಿ. ದೇವರ ಮುಂದ ಇಡ್ರಿ,” ಎಂದರು. “ಈ ಅಲಿ ಗೆರಿ ಅದಾವಲ್ಲ, ಅಲ್ಲೇ ಇದರ ಎಳಿ ತಿರುವ್ಯಾವ. ಒಳಗ ಬಿರುಕು ಐತಿ. ಎಂಟು ದಿನಕ್ಕ ಸೀಳತೈತಿ.”

“ನಿನಗ ಹೆಂಗ ಗೊತ್ತೋ ಕಾಕಾ? ಬರೇ ಹಲ್ಲಿಲೆ?” ಎಂದು ನಾನು ಚೀರಿದೆ. ಚೀರಿ ಏನು ಉಪಯೋಗ, ಅವರಿಗೆ ಕೇಳಿಸಿದ್ದು ನನ್ನ ತುಟಿ ಮಾತ್ರ. ಅವರು ಗರಗಸ ತೆಗೆದು ನನ್ನ ಕಣ್ಣೆದುರೇ ತುಂಡನ್ನು ನಡುವೆ ಕೊಯ್ದರು. ಒಳಗೆ ಕೂದಲೆಳೆಯಂಥ ಬಿರುಕು, ಈ ತುದಿಯಿಂದ ಆ ತುದಿಯವರೆಗೆ.

ಹುಣ್ಣಿಮೆಗೆ ಇನ್ನು ಹದಿನೈದೇ ದಿನ ಉಳಿದಿದ್ದವು.

ಮರುದಿನ ಬೆಳಿಗ್ಗೆ ಕಾಕಾ ನನ್ನ ಅಂಗಡಿಗೆ ಬಂದು ಕೂತರು. ಮೊಬೈಲ್ ಮೇಜಿನ ಮೇಲಿಡಿಸಿದರು, ನಾನು ದನಿ ಪೂರ್ತಿ ಏರಿಸಿದೆ. ಅಳತೆಪಟ್ಟಿಯ ತುದಿ ಮೊಬೈಲಿನ ಬೆನ್ನಿಗೆ, ಇನ್ನೊಂದು ಅವರ ಹಲ್ಲಿಗೆ. ಚೇತನಕುಮಾರನಿಗೆ ಫೋನ್ ಹಚ್ಚಿ, ನಾಚಿಕೆ ಬಿಟ್ಟು ಹೇಳಿದೆ, “ಇದ್ದಬದ್ದ ಹಲಗಿ ಎಲ್ಲಾ ಒಂದೊಂದಾಗಿ ಬಡೀರಿ. ಇಲ್ಲೊಬ್ಬರು ಕೇಳ್ತಾರ.”

“ಮೇಡಂ, ನಾ ಮೂವತ್ತು ವರ್ಷದಿಂದ ಕಟ್ಟಿಗಿ ಮಾರಾಕತ್ತೇನಿ, ಫೋನಿನ್ಯಾಗ ಕಟ್ಟಿಗಿ ಕೇಳೋರನ್ನ ಈಗ ನೋಡಾಕತ್ತೇನಿ,” ಎಂದು ಅವನು ಬಿದ್ದು ಬಿದ್ದು ನಕ್ಕ. ಆದರೂ ಬಡಿದ.

ಮೊದಲನೆಯದು. ಕಾಕಾ ಬೆರಳಾಡಿಸಿದರು, ಬೇಡ. ಎರಡನೆಯದಕ್ಕೆ “ಹಸಿ ಐತಿ” ಎಂದರು. ಐದನೆಯದಕ್ಕೆ, “ಹುಳ ತಿಂದೈತಿ, ನೋಡಂತ ಹೇಳು.” ಆ ಕಡೆ ಹಲಗೆ ಮಗುಚಿದ ಸದ್ದಾಯಿತು. ಬಳಿಕ ಚೇತನಕುಮಾರನ ದನಿ ಬಂತು, ಈಗ ಅದರಲ್ಲಿ ನಗು ಇರಲಿಲ್ಲ. “ಹೌದ್ರಿ. ಕೆಳಗ ತೂತು ಐತಿ. ನಾನೂ ನೋಡಿದ್ದಿಲ್ಲ.”

ಅರ್ಜಿ ತುಂಬಿಸಲು ಬಂದವರು ಅರ್ಜಿ ಮರೆತು ಮೇಜಿನ ಸುತ್ತ ಗುಂಪುಗಟ್ಟಿದರು.

ಹನ್ನೊಂದನೆಯದನ್ನು ಬಡಿದಾಗ ಕಾಕಾ ಕಣ್ಣು ಮುಚ್ಚಿದರು. “ಇನ್ನೊಮ್ಮೆ,” ಎಂದು ಸನ್ನೆ ಮಾಡಿದರು. ಮತ್ತೊಮ್ಮೆ. ಪಟ್ಟಿ ಬಾಯಿಂದ ತೆಗೆದು, “ಇದ. ಇದ ಬೇಕು,” ಎಂದರು.

ಚೇತನಕುಮಾರ ತೊದಲಿದ. “ಅಯ್ಯ, ಅದು ಮಾರೋದಲ್ರಿ! ಸುಮ್ಮನ ಚಾಷ್ಟಿಗೆ ಬಡಿದ್ನಿ. ಅದು ನಮ್ಮಪ್ಪನ ಕಾಲದ ಕರಿಮತ್ತಿ ಗಿಡದ ಹಲಗಿ, ಅದರ ಮ್ಯಾಲೆ ಚಹಾ ಇಡ್ತೇವಿ. ಮೈತುಂಬ ಕಲಿ, ಎರಡು ಮೊಳಿ ತೂತು ಬ್ಯಾರೆ.”

ಅವನ ಮಾತನ್ನು ನಾನು ಕಾಕಾನ ಎದುರು ತಿರುಗಿ ಹೇಳಿದೆ. “ತೂತು ಬಿಟ್ಟು ಕೊಯ್ದು ಕಳಸು ಅನ್ನು,” ಎಂದರು ಕಾಕಾ.

ಅವನು ಆ ತುಂಡಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಐದನೆಯ ದಿನ ಪಾರ್ಸಲ್ ಬಂತು. ಎಂಥ ಕುರೂಪಿ ಹಲಗೆ! ಲೋಟದ ಕಲೆಗಳು ಒಂದರ ಮೇಲೊಂದು ಬಿದ್ದು ಬಳೆ ಚೆಲ್ಲಿದಂತಿದ್ದವು. ಓಣಿಯ ಯಾವ ಹೆಂಗಸೂ ಮುಟ್ಟಲಿಲ್ಲ. ಕಾಕಾ ಕೆನ್ನೆಗೆ ಒತ್ತಿಕೊಂಡರು. ಮೂರು ದಿನ ಕೊರೆದರು, ಉಜ್ಜಿದರು, ತುದಿಗಳಿಗೆ ಕಬ್ಬಿಣದ ಮೂಗು ಕೂರಿಸಿದರು. ನಾಲ್ಕು ದಿನ ಶೇಂಗಾಎಣ್ಣೆಯಲ್ಲಿ ನೆನೆಹಾಕಿದರು. ಎಣ್ಣೆಯಿಂದೆತ್ತಿದಾಗ ಲಾಳಿ ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು. ಹುಣ್ಣಿಮೆಗೆ ಎರಡು ದಿನ ಉಳಿದಿತ್ತು.

ಅವ್ವ ಕುಣಿಗೆ ಇಳಿದಳು. ಕಾಕಾ ಮಗ್ಗದ ಪಕ್ಕ ನೆಲದ ಮೇಲೆ ಕೂತು, ಪಟ್ಟಿಯ ತುದಿ ಮಗ್ಗದ ಕಂಬಕ್ಕೆ ಒತ್ತಿ ಕಚ್ಚಿದರು. ಅವ್ವ ಹಗ್ಗ ಎಳೆದಳು. ಲಾಳಿ ನಡುವೆ ಹೋಗಿ ನಿಂತಿತು.

ಅವ್ವನ ಮುಖ ಬಾಡಿತು. “ಮುಗೀತು ಬಿಡು, ಕತ್ತರಿ ತಾ,” ಎಂದಳು.

ಕಾಕಾ ಪಟ್ಟಿ ಬಾಯಿಂದ ತೆಗೆದು ತಲೆಯಾಡಿಸಿದರು. “ಲಾಳಿ ನಿಂತಿಲ್ಲ ರತ್ನಕ್ಕ. ಕೈ ಅಂಜೇತಿ. ಎಳೀವಾಗ ನಡುವ ಬಿಟ್ಟಿ ನೀ, ನನ್ನ ಹಲ್ಲಿಗೆ ಬಡೀತು. ಪೂರಾ ಎಳಿ.”

ಅವ್ವ ಅವರನ್ನೇ ನೋಡಿದಳು. ಬಿಟ್ಟದ್ದು ನಿಜ ಎಂದು ಅವಳ ಕಣ್ಣು ಹೇಳುತ್ತಿತ್ತು. ತುಟಿ ಬಿಗಿದು ಮತ್ತೆ ಎಳೆದಳು. ಲಾಳಿ ಸರ್‍ರೆಂದು ದಂಡೆ ಮುಟ್ಟಿತು. ತಿರುಗಿ ಬಂತು. ಮತ್ತೆ ಹೋಯಿತು.

ಹತ್ತು ನಿಮಿಷವಾದ ಮೇಲೆ ಕಾಕಾ ಪಟ್ಟಿ ಒರೆಸಿ ನನ್ನ ಕೈಗೆ ಕೊಟ್ಟರು. “ನಾಟಕ ಅಂತಿದ್ದೆಲ್ಲ, ನೀನೂ ಕೇಳು. ಕಿವಿ ಮುಚ್ಚಿಕೋ.”

ಎರಡೂ ಕಿವಿಗೆ ಬೆರಳಿಟ್ಟು, ಕಾಕಾ ಮಗ್ಗದ ಕಂಬಕ್ಕೆ ಒತ್ತಿ ಹಿಡಿದ ಪಟ್ಟಿ ಕಚ್ಚಿದೆ. ಹುಟ್ಟಿದಾಗಿನಿಂದ ಕೇಳಿದ ಮಗ್ಗ ಅದು, ಆದರೆ ಆವತ್ತಿನವರೆಗೆ ನಾನು ಅದನ್ನು ಕೇಳಿಯೇ ಇರಲಿಲ್ಲ. ಎಡಕ್ಕೆ ಹೋಗುವ ಹೊಡೆತ ಬೇರೆ, ಬಲಕ್ಕೆ ಬರುವ ಹೊಡೆತ ಬೇರೆ. ಪ್ರತಿ ಸಲ ಅವ್ವನ ಬಲಗೈ ಎಲ್ಲಿ ಸೋಲುತ್ತದೆ, ಸೋತು ಎಲ್ಲಿ ಮತ್ತೆ ಹಿಡಿಯುತ್ತದೆ, ಎಲ್ಲ ನನ್ನ ತಲೆಬುರುಡೆಯೊಳಗೆ ಬಂದು ಬಡಿಯಿತು. ಮೊದಲು ಸೋತದ್ದೇ ಹೆಚ್ಚು ಇತ್ತು. ನೋಡನೋಡುತ್ತ ಹಿಡಿದದ್ದು ಹೆಚ್ಚಾಯಿತು.

ಅವ್ವ ನಮ್ಮ ಕಡೆ ತಿರುಗಿ ಏನೋ ಗದರಿದಳು. ಬೆರಳು ತೆಗೆದೆ.

“ಏನ ಕಡೀತೀ ಅಲ್ಲೆ? ರೊಟ್ಟಿಗೆ ಹಿಟ್ಟು ಯಾರು ನಾದಬೇಕು?”

ಬಾಯಲ್ಲಿ ಪಟ್ಟಿ ಇತ್ತು, ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ, ಮತ್ತು ಆ ಪಟ್ಟಿಯನ್ನು ಬಿಡಲು ನನಗೆ ಮನಸ್ಸಿರಲಿಲ್ಲ.