ಗುಂಡಿಗೆ ಕಾದ ಕುದುರೆ

ಕ್ಯಾಲಿಫೋರ್ನಿಯಾದ ಉತ್ತರದ ತುದಿಯ ನಮ್ಮೂರಲ್ಲಿ, ಏಳಲಾಗದ ಕುದುರೆಗೆ ಕೊನೆಯ ಗುಂಡು ಹೊಡೆಯುವವನು ಅದರ ಒಡೆಯನೇ. ಬೇರೆಯವರ ಕೈಲಿ ಹೊಡೆಸಿದವನನ್ನು ಗಂಡಸೇ ಅಲ್ಲ ಅಂತಾರೆ. ಎಲ್ವುಡ್ ಟ್ರಾಸ್ಕ್‌ನ ಹಳೇ ರೈಫಲ್ಲು ಬೇಸಗೆಯ ಕಾಡ್ಗಿಚ್ಚಿನಲ್ಲಿ ಮನೆಯ ಜತೆಗೇ ಸುಟ್ಟುಹೋಗಿತ್ತು. ಅವನ ಮುದಿ ಹೆಣ್ಣುಕುದುರೆಗೆ ಗೊರಸು ಕೊಳೆತು ಕಾಲೂರಲಾಗದೆ ಹೋದಾಗ, ಹೊಸ ರೈಫಲ್ಲು ಕೊಳ್ಳಲು ನನ್ನ ಬಂದೂಕಿನ ಅಂಗಡಿಗೆ ಬಂದ.

ಕಾನೂನಿನಂತೆ ಮೊದಲು ಪರೀಕ್ಷೆ ಬರೆಸಿದೆ.

"ಎಪ್ಪತ್ತು ವರ್ಷದವನಿಗೆ ಬಂದೂಕು ಹಿಡಿಯೋದು ಹೆಂಗೆ ಅಂತ ಕೇಳ್ತೀಯಲ್ಲೇ ಡೋರೀನ್!" ಅಂತ ರೇಗಿದ. ಪಾಸಾದ, ಗುರುತಿಗೆ ಬೆರಳಚ್ಚೂ ಕೊಟ್ಟ. ರೈಫಲ್ಲಿಗೆ ಕೈಚಾಚಿದಾಗ ನಾನು ಅದನ್ನು ಒಳಗಿಟ್ಟು ಬೀಗ ಹಾಕಿದೆ.

"ಹತ್ತು ದಿನ ಕಾಯಬೇಕು. ಸರ್ಕಾರದ ನಿಯಮ."

"ಹಾಗಂತ ನನ್ನ ಕುದುರೆಗೆ ಹೇಳು ಹೋಗು."

"ಪ್ರಾಣಿಗಳ ಡಾಕ್ಟರನ್ನ ಕರೆಸು, ಸೂಜಿ ಚುಚ್ಚಿ ನೋವಿಲ್ದೆ ಸಾಯಿಸ್ತಾರೆ. ಬೇಡಾಂದ್ರೆ ನನ್ನ ರೈಫಲ್ ತಗೊಂಡು ನಾನೇ ಬಂದು ಹೊಡೀತೀನಿ, ಈಗ್ಲೇ. ನಿನ್ನ ಕೈಗೆ ಕೊಡೋ ಹಾಗಿಲ್ಲ."

"ನನ್ನ ಕುದುರೆ ಅದು. ನೀನು ನಿನ್ನ ಕೆಲಸ ನೋಡ್ಕೋ."

ಅವನ ಬೇಲಿಯ ಪಕ್ಕ ಹಾದುಹೋದವರಿಗೆಲ್ಲ ಅದರ ನರಳಾಟ ಕೇಳುತ್ತಿತ್ತು. ಊರೆಲ್ಲ ಸರ್ಕಾರವನ್ನು ಬೈಯಿತು. ನಾನು ಬೈದದ್ದು ಈ ಮೊಂಡನನ್ನು.

ಹತ್ತು ದಿನ ಕಳೆದ ಮೇಲೆ ಬಂದ. ರೈಫಲ್ಲನ್ನು ಮುಂದಿಟ್ಟೆ. ಮುಟ್ಟಲಿಲ್ಲ.

"ನಿನ್ನೆ ಹೋಯ್ತು," ಅಂದ.

ನಾನು ರೈಫಲ್ಲನ್ನು ಮತ್ತೆ ಒಳಗಿಟ್ಟೆ. ಬಾಯಿ ತೆರೆದಿದ್ದರೆ ಕೆಟ್ಟ ಮಾತೇ ಬರುತ್ತಿತ್ತು.

"ಅಷ್ಟು ನೋವಲ್ಲೂ, ನಾನು ಹತ್ರ ಹೋದಾಗಲೆಲ್ಲ ಕಿವಿ ನಿಮಿರಿಸೋದು ಡೋರೀನ್. ಸೇಬು ತಂದಿದೀನಿ ಅಂದ್ಕೊಂಡು."