ಶೇಂಗಾ ಚಟ್ನಿಯ ಉಪ್ಪು ಬಿಟ್ಟುಕೊಟ್ಟದ್ದು

ಗದಗ ಜಿಲ್ಲೆಯಾದ ಮೇಲೆ ಅಲ್ಲಿನ ಕಚೇರಿಗಳಿಗೆ ಬಂದವರೆಲ್ಲ ನಮ್ಮ ಶೇಂಗಾ ಚಟ್ನಿಗೆ ಗಿರಾಕಿಗಳಾದರು. ಶಿರಹಟ್ಟಿಯ ನಮ್ಮ ಮನೆಯ ಪಡಸಾಲೆಯಲ್ಲಿ ಓಣಿಯ ಹೆಣ್ಣುಮಕ್ಕಳು ಕೂಡಿ ಅದನ್ನು ಮಾಡುತ್ತಿದ್ದೆವು. ಒರಳಿನಲ್ಲಿ ಕುಟ್ಟುವುದು ನನ್ನ ತಂಗಿಯ ಕೆಲಸ. ಶೇಂಗಾ ಎಷ್ಟು ಹುರಿಯಬೇಕು, ಖಾರ ಎಷ್ಟಿರಬೇಕು, ಅಂಗಡಿಯವರು ತಕರಾರು ಮಾಡಿದರೆ ಏನು ಬದಲಿಸಬೇಕು, ಇದನ್ನೆಲ್ಲ ತೀರ್ಮಾನಿಸುವವಳು ನಾನು.

ಗದಗದಲ್ಲಿ ನಮ್ಮದೇ ಅಂಗಡಿ ತೆರೆದಾಗ ಅಲ್ಲಿ ಕೂರಲು ನಾನೇ ಬೇಕಾಯಿತು. ಚಟ್ನಿಯ ಹೊಣೆಯನ್ನು ಹೊಸದಾಗಿ ಸೇರಿದ ಸೊರಟೂರಿನ ಹೆಣ್ಣುಮಗಳಿಗೆ ಒಪ್ಪಿಸಿದೆವು. ನಾನು ಶಾಲೆ ಕಲಿತದ್ದು ಅಷ್ಟಕ್ಕಷ್ಟೆ. ಗೊತ್ತಿದ್ದದ್ದೆಲ್ಲ ಕೈಯಲ್ಲಿತ್ತು, ಕೈಯಿಂದಲೇ ಕಲಿಸಿದೆ. ಒಂದು ಬುಟ್ಟಿ ಶೇಂಗಾಕ್ಕೆ ಒಂದು ಬೊಗಸೆ ಉಪ್ಪು ಎಂದೆ. ಅವಳ ಬೊಗಸೆಯೋ, ಗುಬ್ಬಿಗೂಡಿನಷ್ಟು. ಅದನ್ನು ನೋಡಿಯೂ ಬಾಯಿಬಿಡಲಿಲ್ಲ.

ಅವಳು ಮೊದಲ ಸಲ ತಾನೇ ನಿಂತು ಚಟ್ನಿ ಮಾಡಿಸಿದ ದಿನ, ಎಲ್ಲರೂ ಚಹಾಕ್ಕೆ ಎದ್ದಾಗ ಅವಳ ಬೊಗಸೆಗೆ ಉಪ್ಪು ಕಡಿಮೆ ಬಿದ್ದಿರುತ್ತದೆಂದು ನಾನು ಒರಳಿಗೆ ಇನ್ನಷ್ಟು ಸುರಿದೆ. ತನ್ನ ಕೈ ಸಣ್ಣದೆಂದು ತಿಳಿದು ಅವಳು ಆಗಲೇ ತಂಗಿಯ ಕೈಗೆ ಹೆಚ್ಚು ಅಳೆದು ಕೊಟ್ಟಿದ್ದಳು.

ರುಚಿ ನೋಡಿದವರೆಲ್ಲ ಮುಖ ಕಿವುಚಿದರು. ಒರಳಿಗೆ ಉಪ್ಪು ಹಾಕುವವಳು ತಂಗಿ, ಅವಳೇ ಮರೆತು ಎರಡು ಸಲ ಹಾಕಿರಬೇಕು ಎಂದರು. ಅವಳಿಗೆ ಮರೆವು ಎಂದು ಊರಿಗೆಲ್ಲ ಹೇಳಿದವಳೇ ನಾನು. ಪಾಪ, ತಂಗಿಯೂ, ತಾನೇ ಎರಡು ಸಲ ಹಾಕಿದ್ದರೂ ಹಾಕಿರಬಹುದು ಎಂದಳು. ನಾನು ಬಸಿ ಹಿಡಿದು ಚಹಾ ಕುಡಿಯುತ್ತ ಕುಳಿತೆ. ಇನ್ನು ಒರಳಿಗೆ ಬೇರೆಯವರನ್ನು ಕೂರಿಸೋಣ ಎಂದು ಯಾರೋ ಅಂದರು. ತಂಗಿ ಒನಕೆಯನ್ನು ಗೋಡೆಗೆ ಒರಗಿಸಿದಳು. ಆಗ ತಡೆಯಲಾಗಲಿಲ್ಲ.

“ಅಕಿ ಅಲ್ಲ, ನಾ ಹಾಕೀನಿ,” ಎಂದೆ.

ತಂಗಿ ನನ್ನನ್ನೇ ನೋಡಿದಳು. “ಹಿಂದಕೂ ಹಿಂಗ ಮಾಡಿ ನನಗ ಮರವು ಐತಿ ಅಂತಿದ್ದೇನ ಅಕ್ಕಾ?”

ಪಡಸಾಲೆಯೆಲ್ಲ ನಕ್ಕಿತು. ಇಲ್ಲ ಎಂದು ಆಣೆ ಮಾಡಲು ನನಗೆ ಧೈರ್ಯ ಬರಲಿಲ್ಲ.

ಸೊರಟೂರಿನವಳು ಸಿಟ್ಟಾಗಲಿಲ್ಲ. ಉಪ್ಪಿಲ್ಲದೆ ಇನ್ನಷ್ಟು ಶೇಂಗಾ ಹುರಿಸಿ, ಖಾರ, ಬಳ್ಳೊಳ್ಳಿ, ಜೀರಿಗೆ ಹಾಕಿ ಕುಟ್ಟಿಸಿ, ಉಪ್ಪಾದ ಚಟ್ನಿಯಲ್ಲಿ ಬೆರೆಸುತ್ತ ಹೋದಳು. ಒನಕೆ ಕೈಯಿಂದ ಕೈಗೆ ದಾಟಿತು. ಪಕ್ಕದ ಮನೆಯಿಂದ ಬಿಸಿ ರೊಟ್ಟಿ ಬಂದವು. ನನ್ನ ಕೈಗೆ ಒನಕೆ ಬಂದಾಗಲೆಲ್ಲ, ಇವಳ ಸೆರಗಿನ ಗಂಟಿನಲ್ಲಿ ಉಪ್ಪಿದೆಯೋ ನೋಡಿರಿ ಎಂದು ಕಾಡಿದರು. ಅಷ್ಟು ನಗುತ್ತ ನಾವು ಎಂದೂ ಚಟ್ನಿ ಮಾಡಿರಲಿಲ್ಲ, ಅಷ್ಟು ಚಟ್ನಿಯನ್ನೂ ಮಾಡಿರಲಿಲ್ಲ.

ಸಂಜೆ ಸೊರಟೂರಿನವಳು ನನ್ನ ಪಕ್ಕ ಬಂದು ಕುಳಿತಳು. “ಅಕ್ಕಾರ, ಗಿರಾಕಿ ಏನಂತಾರ ಕೇಳಿ ಬಂದು ಹೇಳ್ರಿ, ಹಂಗ ಮಾಡ್ತೀವಿ. ಉಪ್ಪು ಮಾತ್ರ ನಮಗ ಬಿಡ್ರಿ.”

“ಆತು,” ಎಂದೆ.

ಕೊನೆಗೆ ರುಚಿ ನೋಡಲು ಒಂದು ಚಿಟಿಕೆ ತೆಗೆದಳು. ರೂಢಿಯಂತೆ ನಾನು ಅಂಗೈ ಚಾಚಿದೆ. ಅವಳು ಅದನ್ನು ನನ್ನ ತಂಗಿಯ ಅಂಗೈಗೆ ಹಾಕಿದಳು. ತಂಗಿ ಅವಸರವಿಲ್ಲದೆ ಚಪ್ಪರಿಸಿ, ನನ್ನ ಕಡೆ ನೋಡಿ, “ಈಗ ಕಟ್ಟ ಅಕ್ಕಾ,” ಎಂದಳು.

ನಾನು ಪೊಟ್ಟಣ ಕಟ್ಟಲು ಕುಳಿತೆ.