ಉಪ್ಪು ನೋಡುವವನು

ಲಿಫ್ಟಣ್ಣನಿಗೆ ಹೆತ್ತವರು ಇಟ್ಟ ಹೆಸರು ಕಂಪನಿಯ ಕಾಗದಗಳಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಮೂವತ್ತೊಂದು ವರ್ಷ ಲಿಫ್ಟ್ ರಿಪೇರಿ ಮಾಡಿದ ಮನುಷ್ಯನನ್ನು ಬೀದಿಯವರು ಇನ್ನೇನೆಂದು ಕರೆದಾರು? ಅವನ ಕಂಪನಿ ಏಷ್ಯಾದ ಏಳೆಂಟು ಶಹರಗಳಲ್ಲಿ ಲಿಫ್ಟ್ ಮಾರಿತ್ತು. ಎಲ್ಲಿ ಬಾಗಿಲು ಕಚ್ಚಿಕೊಂಡರೂ, ಎಲ್ಲಿ ತಂತಿಹಗ್ಗ ಸವೆದರೂ ಇವನು ಮತ್ತು ಇವನ ಜೋಡಿ ಫಿಟ್ಟರ್ ಉದ್ದಣ್ಣ ಸಾಮಾನಿನ ಪೆಟ್ಟಿಗೆ ಹೊತ್ತು ಹೊರಡಬೇಕು. ಹೋದ ಊರುಗಳಲ್ಲಿ ಅವನು ನೋಡಿದ್ದು ಲಿಫ್ಟಿನ ಕೆಳಗಿನ ಎಣ್ಣೆ ಗುಂಡಿ, ತಾರಸಿಯ ಮೇಲಿನ ಮೋಟರ್ ಕೋಣೆ, ಇವೆರಡರ ನಡುವೆ ಹಸಿವಾದಾಗ ಸಿಗುವ ಬೀದಿಬದಿಯ ತಿಂಡಿಗಾಡಿ. ಅರಮನೆ, ಕೋಟೆಗಳನ್ನು ಬೇರೆಯವರು ನೋಡಿಕೊಳ್ಳಲಿ ಎಂದು ಬಿಟ್ಟುಬಿಟ್ಟಿದ್ದ. ಗಾಡಿಯ ಮುಂದಿನ ಕುಳ್ಳ ಸ್ಟೂಲಿನ ಮೇಲೆ ಕೂತು, ಹೆಸರೂ ಗೊತ್ತಿಲ್ಲದ ಯಾವುದೋ ಬಿಸಿಯನ್ನು ಬಾಯಿಗಿಟ್ಟುಕೊಂಡನೆಂದರೆ ಅವನಿಗೆ ಊರು ನೋಡಿದ ಹಾಗೆಯೇ.

ಅವನ ಹೆಂಡತಿ ಹೊಲಿಗೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವಳು. ದಿನಕ್ಕೆ ಮುನ್ನೂರು ಜನಕ್ಕೆ ಬೇಯಿಸಿ ಬಡಿಸುವವಳಿಗೆ ಕ್ಯಾಂಟೀನಮ್ಮ ಎನ್ನುವ ಹೆಸರೇ ಗಟ್ಟಿಯಾಗಿತ್ತು. ಇಬ್ಬರೂ ಸಿಕ್ಕಿದ್ದು ಅಲ್ಲೇ. ಕಾರ್ಖಾನೆಯ ಸಾಮಾನು ಲಿಫ್ಟ್ ಕೆಟ್ಟ ದಿನ ಅವನು ಬೆಳಗ್ಗೆಯೆಲ್ಲ ಗುಂಡಿಯಲ್ಲಿ ಕೂತು ಮೇಲೆ ಬರುವಷ್ಟರಲ್ಲಿ ಊಟ ಮುಗಿದಿತ್ತು. ಅವಳು ನಾಚಿಕೊಂಡು, ಪಾತ್ರೆಯ ತಳದಲ್ಲಿ ಉಳಿದಿದ್ದ ತಳ ಹಿಡಿದ ಗಂಜಿ ಕೊಟ್ಟಿದ್ದಳು. ಅವನು ಎರಡು ಬಟ್ಟಲು ಕುಡಿದು, ಇನ್ನೂ ಇದೆಯಾ ಎಂದು ಕೇಳಿದ. ಲಿಫ್ಟ್ ಆ ವರ್ಷ ಇನ್ನೂ ನಾಲ್ಕು ಸಲ ಕೆಟ್ಟಿತು. ಅದು ತಾನಾಗಿಯೇ ಕೆಟ್ಟಿತೆಂದು ಕಾರ್ಖಾನೆಯಲ್ಲಿ ಯಾರೂ ನಂಬಲಿಲ್ಲ.

ಅವನು ಪ್ರಯಾಣ ಮುಗಿಸಿ ಬಂದ ಸಂಜೆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಅವಳು ಕೆಲಸದಿಂದ ಬಂದು ಮುಖ ತೊಳೆದು, ಗೋಡೆಗೆ ಒರಗಿ ಕಾಲು ಚಾಚಿ ಕೂರುವಳು. ಹೇಗಿದ್ದೀರಿ, ದಣಿದಿರಾ ಎಂಬ ಉಪಚಾರವೆಲ್ಲ ಇಲ್ಲ.

"ಹೂಂ, ಹೇಳಿ. ಏನೇನು ತಿಂದ್ರಿ?"

ಅವನು ಹೇಳಬೇಕು. ಯಾವ ಸೇತುವೆಯ ಹತ್ತಿರ, ಯಾವ ತಿರುವಿನಲ್ಲಿ. ಮೊದಲು ನಾಲಗೆಗೆ ಸಿಕ್ಕಿದ್ದು ಶುಂಠಿಯೋ ಬೆಳ್ಳುಳ್ಳಿಯೋ. ಹುಳಿ ನಿಂಬೆಯದೋ ಹುಣಸೆಯದೋ. ಅವಳು ವಕೀಲರ ಹಾಗೆ ಅಡ್ಡ ಪ್ರಶ್ನೆ ಹಾಕುವಳು. ಹುರಿದು ಹಾಕಿದ್ರಾ, ಹಸಿಯಾಗಿ ಹಾಕಿದ್ರಾ? ಎಲ್ಲವನ್ನೂ ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವಳು. ಊರಿನ ಗಡಿ ದಾಟದ ಹೆಂಗಸು, ಅಷ್ಟು ಶಹರಗಳ ತಿಂಡಿಯನ್ನು ಕಿವಿಯಿಂದಲೇ ತಿಂದಿದ್ದಳು.

"ನನ್ನನ್ನೂ ಕರ್ಕೊಂಡು ಹೋಗ್ತೀರಾ?" ಎಂದು ಪ್ರತಿ ಸಲವೂ ಕೊನೆಗೆ ಕೇಳುವಳು.

"ಕಾರ್ಖಾನೆ ನಿನ್ನ ಬಿಡ್ಲಿ, ಕಂಪನಿ ನನ್ನ ಬಿಡ್ಲಿ. ಮಾರನೇ ದಿನವೇ ಹೊರಡೋಣ. ನೋಟ್‌ಬುಕ್ ಹಿಡ್ಕೊಂಡು ಒಂದೊಂದೇ ಗಾಡಿ."

ಇನ್ನೊಂದು ಪದ್ಧತಿಯೂ ಇತ್ತು. ಹಗಲೆಲ್ಲ ದೊಡ್ಡ ದೊಡ್ಡ ಪಾತ್ರೆಗಳ ರುಚಿ ನೋಡಿ ನೋಡಿ ಅವಳ ನಾಲಗೆ ಸಂಜೆಗೆ ಸೋತಿರುತ್ತಿತ್ತು. ಮನೆಯ ಅಡುಗೆಯನ್ನು ಅವಳು ಬಾಯಿಗೆ ಹಾಕಿ ನೋಡುತ್ತಿರಲಿಲ್ಲ. ಒಲೆಯ ಮುಂದಿನಿಂದಲೇ ಕೂಗುವಳು: "ರೀ, ಉಪ್ಪು ನೋಡಿ." ಅವನು ಹೋಗಿ ಅಂಗೈ ಚಾಚಬೇಕು. ಸೌಟಿನಿಂದ ಒಂದು ಹನಿ ಅಂಗೈ ನಡುವೆ ಬೀಳುವುದು. ನೆಕ್ಕಿ, ಸ್ವಲ್ಪ ಹೊತ್ತು ಮೇಲೆ ನೋಡಿ, ನ್ಯಾಯಾಧೀಶನ ಗತ್ತಿನಲ್ಲಿ "ಒಂದು ಚಿಟಿಕೆ ಬೇಕು" ಅನ್ನುವನು, ಇಲ್ಲವೇ "ಸರಿ ಇದೆ" ಅನ್ನುವನು. ಆ ಮನೆಯಲ್ಲಿ ಅವನಿಗಿದ್ದ ಅಧಿಕಾರ ಅದೊಂದೇ. ಅದನ್ನು ಅವನು ಬಹಳ ಪ್ರೀತಿಯಿಂದ ನಡೆಸುತ್ತಿದ್ದ.

ಹೀಗಿರುವಾಗ ಮೂರು ವರ್ಷದ ಹಿಂದೆ ಅವನಿಗೆ ಹನ್ನೊಂದು ದಿನ ಬಿಡದೆ ಜ್ವರ ಕಾಯಿತು. ಎದ್ದು ಕೆಲಸಕ್ಕೆ ಹೋದ ಮೊದಲ ದಿನ, ಯಾವುದೋ ಆಸ್ಪತ್ರೆಯ ಮೋಟರ್ ಕೋಣೆಯಲ್ಲಿ ಉದ್ದಣ್ಣ ಮೂಗು ಮುಚ್ಚಿಕೊಂಡು ಬಂದ.

"ಅಣ್ಣಾ, ಇಷ್ಟು ಸುಟ್ಟ ವಾಸನೆ ಬರ್ತಿದೆ, ನೀನು ಆರಾಮಾಗಿ ನಿಂತಿದ್ದೀಯಲ್ಲ?"

ಎರಡು ಮಹಡಿ ಕೆಳಗಿನಿಂದಲೇ, ಸುಟ್ಟದ್ದು ಬ್ರೇಕೋ ಮೋಟರಿನ ಕಾಯಿಲೋ ಎಂದು ಮೂಗಿನಲ್ಲೇ ಹೇಳುತ್ತಿದ್ದವನು ಲಿಫ್ಟಣ್ಣ. ಈಗ ಜೋರಾಗಿ ಉಸಿರೆಳೆದ. ಏನೂ ಇಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿ ಅನ್ನ ಬಾಯಿಗಿಟ್ಟ. ಮೆತ್ತಗಿತ್ತು, ಅಷ್ಟೇ. ಉಪ್ಪಿನಕಾಯಿಯ ಹೋಳನ್ನು ಪೂರ್ತಿ ಅಗಿದರೂ ಒದ್ದೆ ರಟ್ಟು ಅಗಿದ ಹಾಗಿತ್ತು. ಜ್ವರದ ಬಾಯಿ, ಕಹಿಯೂ ಇಲ್ಲದ ಬಾಯಿ, ಸರಿಹೋದೀತು ಎಂದುಕೊಂಡ. ವಾರ ಬಿಟ್ಟು ನೋಡಿದ ಡಾಕ್ಟರು, ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದರು. ಅಷ್ಟು ಹೇಳುವುದಕ್ಕೆ ಡಾಕ್ಟರೇ ಬೇಕಾಗಿರಲಿಲ್ಲ.

ಹೆಂಡತಿಗೆ ಹೇಳಬೇಕೆಂದೇ ಅವತ್ತು ಮನೆಗೆ ಬಂದ. ಅಷ್ಟರಲ್ಲಿ, ಜ್ವರ ಬಂದ ಮೇಲೆ ಮೊದಲ ಸಲ, ಒಲೆಯ ಮುಂದಿನಿಂದ ಕೂಗು ಬಂತು. "ರೀ, ಉಪ್ಪು ನೋಡಿ." ಅಂಗೈ ಚಾಚಿದ. ಹನಿ ಬಿತ್ತು. ಅವಳ ಮುಖ ನೋಡಿದ. ಜೀವಮಾನವೆಲ್ಲ ಬೇರೆಯವರ ನಾಲಗೆಗಾಗಿ ಬದುಕಿದವಳು. ರುಚಿಯೇ ಗೊತ್ತಾಗದ ಗಂಡನಿಗೆ ಅವಳು ಏನನ್ನು ಬೇಯಿಸಬೇಕು, ಯಾಕೆ ಬೇಯಿಸಬೇಕು? ಕಾಲು ಚಾಚಿ ಕೂತು ಏನನ್ನು ಕೇಳಬೇಕು?

"ಸರಿ ಇದೆ," ಎಂದ.

ನಾಳೆ ಹೇಳೋಣ ಅಂದುಕೊಂಡ. ಆ ನಾಳೆ ಮೂರು ವರ್ಷ ಬರಲಿಲ್ಲ.

ಅಲ್ಲಿಂದ ಮುಂದೆ ಹೋದ ಊರುಗಳಲ್ಲೆಲ್ಲ ಅವನು ಉದ್ದಣ್ಣನ ನಾಲಗೆಯನ್ನು ಎರವಲು ಪಡೆದ. ಯಾರಿಗೂ ಬಾಯಿ ಬಿಡಕೂಡದೆಂದು ಆಣೆ ಹಾಕಿಸಿಕೊಂಡು, ಪ್ರತಿ ಗಾಡಿಯಲ್ಲೂ "ಹೇಗಿದೆ?" ಎಂದು ಕೇಳುವನು. ಉದ್ದಣ್ಣ ಒಳ್ಳೆಯ ಫಿಟ್ಟರ್, ಆದರೆ ರುಚಿಯ ವಿಷಯದಲ್ಲಿ ಅವನ ಬಳಿಯಿದ್ದದ್ದು ಒಂದೇ ಮಾತು. "ಖಾರ ಇದೆ ಅಣ್ಣ, ಚೆನ್ನಾಗಿದೆ." ತೆಂಗಿನ ಹಾಲಿನಲ್ಲಿ ಬೆಂದ ಸಿಹಿ ಅಂಟು ಅನ್ನಕ್ಕೂ ಅದೇ, ಹಬೆಯ ಮೀನಿಗೂ ಅದೇ. ಉಳಿದದ್ದನ್ನು ಲಿಫ್ಟಣ್ಣನೇ ಉಪ್ಪು ಖಾರ ಹಚ್ಚಿ ಮನೆಗೆ ಒಯ್ಯಬೇಕು. ಅವನು ತಿನ್ನುವಾಗ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ. ಪಕ್ಕದವರು ಬೆರಳು ನೆಕ್ಕುವುದು, ಕಣ್ಣು ಮುಚ್ಚಿ ಹೂಂಗುಡುವುದು ಅವನಿಗೆ ನೋಡಲಾಗುತ್ತಿರಲಿಲ್ಲ. ಬಟ್ಟಲಿನಿಂದ ಏಳುವ ಹಬೆಗೆ ಮುಖವೊಡ್ಡಿ, ಒಂದೇ ಒಂದು ಸಲ, ಬೆಳ್ಳುಳ್ಳಿಯ ವಾಸನೆಯಾದರೂ ಸಾಕು ಎಂದು ಕಾಯುವನು. ಹಬೆ ಬೆಚ್ಚಗಿರುತ್ತಿತ್ತು. ಕಣ್ಣು ಒದ್ದೆಯಾಗುತ್ತಿತ್ತು.

ಮನೆಯಲ್ಲಿ ಅವಳು ಬರೆದುಕೊಳ್ಳುತ್ತಿದ್ದಳು, ಆದರೆ ಅಡ್ಡ ಪ್ರಶ್ನೆ ಕಡಿಮೆಯಾಯಿತು. ನೋಟ್‌ಬುಕ್ ಬೇಗ ಮುಚ್ಚುವಳು. ವಯಸ್ಸಾಯಿತು, ಮಂಡಿನೋವು, ದಣಿವು ಎಂದುಕೊಂಡ. ಒಂದು ಭಾನುವಾರ ಅವಳ ತಂಗಿಯ ಮನೆಯವರೆಲ್ಲ ಊಟಕ್ಕೆ ಬಂದರು. ಬೇಳೆಗೆ ಅವನು "ಸರಿ ಇದೆ" ಅಂದಿದ್ದ. ಬಡಿಸಿದ ಮೇಲೆ ಎಲ್ಲರೂ ತಲೆ ತಗ್ಗಿಸಿ ಉಂಡರು. ಅವಳು ಒಂದು ತುತ್ತು ಬಾಯಿಗಿಟ್ಟು, ಅವನನ್ನು ನೋಡಿ, ಎದ್ದು ಹೋಗಿ ಉಪ್ಪಿನ ಬಟ್ಟಲು ತಂದು ನಡುವೆ ಇಟ್ಟಳು. ಮಾರನೇ ದಿನದಿಂದ ಒಲೆಯ ಮುಂದಿನ ಕೂಗು ನಿಂತಿತು. ಉಪ್ಪನ್ನು ಅವಳೇ ನೋಡಿಕೊಂಡಳು. ಸಂಜೆ ಏಳಕ್ಕೆ ಅವನ ಕೈ ಮಾತ್ರ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ನಾಲಗೆ ಹೋದದ್ದಕ್ಕಿಂತ ಆ ಹನಿ ಹೋದದ್ದೇ ಅವನಿಗೆ ಹೆಚ್ಚು ಸಂಕಟವಾಯಿತು.

ಕೊನೆಗೂ ಕಾರ್ಖಾನೆ ಅವಳನ್ನು ಬಿಟ್ಟಿತು, ಕಂಪನಿ ಅವನನ್ನು ಬಿಟ್ಟಿತು; ಇಬ್ಬರಿಗೂ ನಿವೃತ್ತಿ. ಇನ್ನು ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಅವಳು ಮಂಡಿಗೆ ಪಟ್ಟಿ ಕಟ್ಟಿ, ಹೊಸ ಚಪ್ಪಲಿ ಹಾಕಿ, ನೋಟ್‌ಬುಕ್ಕನ್ನು ಕೈಚೀಲದಲ್ಲಿಟ್ಟುಕೊಂಡು ಹೊರಟಳು. ಪಕ್ಕದಲ್ಲೇ ಕೂತು ತಿನ್ನುವವಳ ಎದುರು ಎಷ್ಟು ದಿನ ನಾಟಕ ನಡೆದೀತು ಎಂದು ದಾರಿಯುದ್ದಕ್ಕೂ ಅವನು ಲೆಕ್ಕ ಹಾಕುತ್ತಿದ್ದ. ಜೊತೆಗೆ ಒಂದು ಹುಚ್ಚು ಆಸೆಯೂ ಇತ್ತು. ಅವಳು ಪಕ್ಕದಲ್ಲಿದ್ದರೆ ನಾಲಗೆ ಬಂದರೂ ಬರಬಹುದೇನೋ.

ಮೊದಲ ಶಹರದಲ್ಲಿ ಮೊದಲು ಹೋದದ್ದು ನದಿಯ ಸೇತುವೆಯ ಕೆಳಗಿನ ಗಂಜಿ ಗಾಡಿಗೆ. ಅವನೂ ಉದ್ದಣ್ಣನೂ ಕಳೆದ ಎರಡು ವರ್ಷದಲ್ಲಿ ಕಂಡುಕೊಂಡ ಜಾಗ. ಬೆಳಗಿನ ಬಿಸಿಲು ಆಗಷ್ಟೇ ಬಿದ್ದಿತ್ತು. ಕೆಲಸಕ್ಕೆ ಹೊರಟವರು ಬಟ್ಟಲು ಹಿಡಿದು ನಿಂತೇ ಕುಡಿಯುತ್ತಿದ್ದರು. ಗಾಡಿಯ ದಪ್ಪ ಹೆಂಗಸು ಲಿಫ್ಟಣ್ಣನನ್ನು ಗುರುತು ಹಿಡಿದು ನಕ್ಕು, ಎರಡು ಬಟ್ಟಲು ತುಂಬಿ ಕೊಟ್ಟಳು. ಕ್ಯಾಂಟೀನಮ್ಮ ಸ್ಟೂಲಿನ ಮೇಲೆ ಮಂಡಿ ಸರಿಮಾಡಿಕೊಂಡು ಕೂತು, ಕರವಸ್ತ್ರ ತೆಗೆದು ತೊಡೆಯ ಮೇಲೆ ಹಾಸಿಕೊಂಡಳು.

"ಅದ್ಯಾಕೆ?"

"ಕಣ್ಣು ಮೂಗಲ್ಲೆಲ್ಲ ನೀರು ಇಳಿಯುತ್ತೆ ಅಂದಿದ್ರಲ್ಲ. ಬರ್ಕೊಂಡಿದ್ದೀನಿ."

ಒಂದು ಚಮಚ ಬಾಯಿಗಿಟ್ಟಳು. ಇನ್ನೊಂದು. ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿದಳು.

"ಇದ್ರಲ್ಲಿ ಖಾರವೇ ಇಲ್ವಲ್ಲ ರೀ."

"ಇವತ್ತು ಕಮ್ಮಿ ಹಾಕಿರ್ಬೇಕು," ಎಂದ. ಅವನ ಚಮಚ ಬಟ್ಟಲಲ್ಲೇ ನಿಂತಿತ್ತು.

ಅವಳು ಅಡುಗೆಯವಳು, ಅಷ್ಟಕ್ಕೆ ಬಿಡುವವಳಲ್ಲ. ಗಾಡಿಯ ಹೆಂಗಸಿಗೆ ಕೈಸನ್ನೆ ಮಾಡಿ, ನಾಲಗೆ ಹೊರಚಾಚಿ ಗಾಳಿ ಹಾಕಿಕೊಂಡು, ಖಾರ ಎಲ್ಲಿ ಎಂದು ಕೇಳಿದಳು. ಇಬ್ಬರು ಅಡುಗೆಯವರಿಗೆ ಭಾಷೆ ಯಾಕೆ ಬೇಕು? ಆ ಹೆಂಗಸು ಇಲ್ಲ ಇಲ್ಲ ಎಂದು ತಲೆಯಾಡಿಸಿ, ಮೇಜಿನ ಮೇಲಿನ ಮೆಣಸಿನ ಸಾಸಿನ ಬಾಟಲಿ ತೋರಿಸಿದಳು. ಆಮೇಲೆ ಕೈಯನ್ನು ತಲೆಗಿಂತ ಮೇಲೆತ್ತಿ ಉದ್ದಣ್ಣನ ಎತ್ತರ ತೋರಿಸಿ, ಬಾಟಲಿಯನ್ನು ಬುಡಮೇಲು ಮಾಡಿ ಗಂಜಿಗೆ ಸುರಿಯುವ ಅಭಿನಯ ಮಾಡಿ, ಹಣೆ ಬಡಿದುಕೊಂಡಳು. ಕೊನೆಗೆ ಲಿಫ್ಟಣ್ಣನ ಕಡೆ ಬೆರಳು ತೋರಿಸಿ, ಗೋಡೆಗೆ ಮುಖ ಮಾಡಿ ಕೂತು ತೋರಿಸಿದಳು.

ಕ್ಯಾಂಟೀನಮ್ಮ ನೋಟ್‌ಬುಕ್ ತೆಗೆದಳು. ಹಳೆಯ ಹಾಳೆಗಳಲ್ಲಿ ಒಂದೊಂದು ಊರಿಗೆ ಎರಡೆರಡು ಪುಟ ರುಚಿ. ಇತ್ತೀಚಿನವುಗಳಲ್ಲಿ ಪುಟ ತಿರುವಿದಷ್ಟೂ ಖಾರ, ಖಾರ, ಖಾರ.

"ಯಾವಾಗಿಂದ?" ಎಂದಳು.

ಸುಳ್ಳು ಹೇಳಲು ಅವನಲ್ಲಿ ಶಕ್ತಿ ಉಳಿದಿರಲಿಲ್ಲ. "ಜ್ವರ ಬಂದಿತ್ತಲ್ಲ. ಅವತ್ತಿಂದ. ವಾಸನೆಯೂ ಇಲ್ಲ, ರುಚಿಯೂ ಇಲ್ಲ."

"ತಂಗಿ ಮನೆಯವ್ರು ಬಂದ ದಿನದ ಬೇಳೆ?"

"ಗೊತ್ತಾಗ್ಲಿಲ್ಲ."

ಅವಳು ನೋಟ್‌ಬುಕ್ ಮುಚ್ಚಿ ಕೈಚೀಲಕ್ಕೆ ಹಾಕಿದಳು. ಮಾತಾಡಿದಾಗ ದನಿ ಒಡೆದಿತ್ತು.

"ನಾನೇನು ಅಂದ್ಕೊಂಡೆ ಗೊತ್ತಾ? ನನ್ನ ಕೈಯಡುಗೆ ನಿಮಗೆ ಸಾಕಾಗಿದೆ ಅಂತ. ಊರೂರಲ್ಲಿ ತಿಂದು ಬರ್ತೀರಿ, ಮನೇದು ಹೇಗಿದ್ರೂ ಸರಿ ಅಂತೀರಿ ಅಂತ. ಮೂರು ವರ್ಷ, ಪ್ರತಿ ದಿನ, ಸೌಟು ಹಿಡಿದಾಗಲೆಲ್ಲ ಅದನ್ನೇ ಯೋಚಿಸಿದ್ದೀನಿ."

ಎದ್ದು ನಡೆದೇಬಿಟ್ಟಳು. ಮಂಡಿ ಎಳೆಯುತ್ತ, ಸೇತುವೆಯ ಮೆಟ್ಟಿಲವರೆಗೆ. ಅವನು ಹಿಂದೆ ಹೋಗಲಾರದೆ, ಕೂರಲಾರದೆ ನಿಂತ. ಅವಳಿಗೆ ನೋವಾಗದಿರಲೆಂದು ಬಚ್ಚಿಟ್ಟದ್ದು, ಅವಳನ್ನೇ ದಿನಾ ಚುಚ್ಚಿತ್ತು. ಇಷ್ಟು ದೊಡ್ಡ ಪೆದ್ದ ಲಿಫ್ಟ್ ಹೇಗೆ ರಿಪೇರಿ ಮಾಡಿದನೋ ಎಂದು ತನ್ನನ್ನೇ ಬೈದುಕೊಂಡ. ಅವಳು ಮೆಟ್ಟಿಲ ಬಳಿ ಕರವಸ್ತ್ರದಿಂದ ಕಣ್ಣೊರೆಸಿಕೊಂಡಳು. ಆಮೇಲೆ ತಿರುಗಿ ಬಂದಳು. ಅರ್ಧ ಬಟ್ಟಲು ಗಂಜಿ ಬಿಟ್ಟು ಹೋಗುವುದು ಅವಳ ಜಾಯಮಾನದಲ್ಲೇ ಇರಲಿಲ್ಲ.

ಕೂತು ತಿಂದಳು. ತಳದ ಗಂಜಿ ಬಾಯಿಗೆ ಬಂದಾಗ ಅವಳ ಕೈ ನಿಂತಿತು.

"ಕೈ ಚಾಚಿ," ಎಂದಳು.

ಅವನು ಅಂಗೈ ಚಾಚಿದ. ಚಮಚದಿಂದ ಒಂದು ಹನಿ ನಡುವೆ ಬಿತ್ತು. ನೆಕ್ಕಿದ, ಮೇಲೆ ನೋಡಿದ, ಕಾದ.

"ಏನು ಗೊತ್ತಾಯ್ತು?"

"ಬಿಸಿ ಇದೆ."

"ಅಷ್ಟೇನಾ?"

"ಅಷ್ಟೇ."

ಅವಳು ಸ್ಟೂಲನ್ನು ಅವನ ಪಕ್ಕಕ್ಕೆ ಎಳೆದುಕೊಂಡಳು. "ಕೇಳಿ ಹಾಗಾದ್ರೆ. ಉಪ್ಪು ಒಂದು ಚಿಟಿಕೆ ಕಮ್ಮಿ. ಅಕ್ಕಿ ಹಳೇದು, ಚೆನ್ನಾಗಿ ಅರಳಿದೆ. ಶುಂಠಿ ಮೊದಲು ಬರಲ್ಲ, ನುಂಗಿದ ಮೇಲೆ ಗಂಟಲಲ್ಲಿ ಬರುತ್ತೆ. ತಳದಲ್ಲಿ ಸ್ವಲ್ಪ ಹೊಗೆ ವಾಸನೆ ಇದೆ. ನೀವು ಗುಂಡಿಯಿಂದ ಎದ್ದು ಬಂದ ದಿನ ತಳ ಹಿಡಿದ ಗಂಜಿ ಕೊಟ್ಟಿದ್ನಲ್ಲ, ಥೇಟ್ ಅದೇ."

ಲಿಫ್ಟಣ್ಣ ಕಣ್ಣು ಮುಚ್ಚಿದ. ಎಣ್ಣೆ ಮೆತ್ತಿದ ಕೈ, ಖಾಲಿಯಾದ ಕ್ಯಾಂಟೀನು, ನಾಚಿ ನಿಂತ ಹುಡುಗಿ, ಬಾಯಿತುಂಬ ಹೊಗೆ ಹಿಡಿದ ಬಿಸಿ ಗಂಜಿ. ಅದು ನಾಲಗೆಯ ಮೇಲಿರಲಿಲ್ಲ. ಆದರೆ ಅವನಿಗೆ ಅದರ ರುಚಿ ಗೊತ್ತಿತ್ತು. ಕೆನ್ನೆಯ ಮೇಲೆ ಇಳಿದದ್ದನ್ನು ಒರೆಸಿಕೊಳ್ಳಲೂ ಇಲ್ಲ.

"ಇನ್ನೊಂದು ಸಲ ಹೇಳು," ಎಂದ.

ಸರಿಯಾಗಿ ಹೇಳಬೇಕೆಂದು ಅವಳು ತಳ ಕೆರೆದು ಇನ್ನೊಂದು ಚಮಚ ಬಾಯಿಗಿಟ್ಟುಕೊಂಡಳು.